ಬುಡದ ಚಿಗುರು

ಗಂಟಣ್ಣ ತನ್ನ ಜೀವಮಾನದಲ್ಲಿ ಬೆಳೆಸಿದ್ದು ಒಂದೇ ಒಂದು ಗಿಡ. ಅದನ್ನು ತಾನೇ ಕೈಯಾರೆ ಕೊಂದ. ಕೊಂದ ದಿನ ಪಕ್ಕದಲ್ಲಿ ನಿಂತು ಹಲ್ಲು ಕಿರಿದವನು ನಾನು. ಆದ್ದರಿಂದ ಈ ಕತೆಯಲ್ಲಿ ಅವನನ್ನು ಬೈಯುವ ಅಧಿಕಾರ ನನಗಿಲ್ಲ.

ಗಂಟಣ್ಣ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಮಿಲ್ಲು ಕೊಟ್ಟದ್ದು. ನೂಲಿನ ಖಾತೆಯಲ್ಲಿ ಯಂತ್ರ ಓಡುತ್ತಿರುವಾಗ ಎಳೆ ಹರಿದರೆ ಎರಡೂ ತುದಿ ಹಿಡಿದು ಗಂಟು ಹಾಕುವುದು ಅವನ ಕೆಲಸ. ಸಾಸಿವೆ ಕಾಳಿಗಿಂತ ಚಿಕ್ಕ ಗಂಟು. ಬೆರಳಿಗೆ ಸಿಗಬಹುದು, ಕಣ್ಣಿಗೆ ಬೀಳದು. ಮಾತು ಕಡಿಮೆ. "ತನ್ನ ನಾಲಿಗೆಗೂ ಒಂದು ಗಂಟು ಹಾಕಿಕೊಂಡಿದ್ದಾನೆ ಕಣ್ರೋ" ಎಂದು ನಾವು ಆಡಿಕೊಳ್ಳುತ್ತಿದ್ದೆವು.

ಅವನ ಹೆಂಡತಿ ಅದೇ ಮಿಲ್ಲಿನ ಬಣ್ಣದ ಖಾತೆಯವಳು. ಗಿರಾಕಿ ಕಳಿಸಿದ ಬಟ್ಟೆಯ ಚೂರು ನೋಡಿ ನೂಲಿಗೆ ಅದೇ ಬಣ್ಣ ಕೂಡಿಸಬೇಕು. ತೊಟ್ಟಿಯಿಂದ ನೂಲಿನ ಒದ್ದೆ ಲಡಿ ಎತ್ತಿ ಬೆಳಕಿಗೆ ಹಿಡಿದು, "ಇನ್ನೊಂದು ಚಮಚ ಕಪ್ಪು" ಎಂದರೆ ಮುಗಿಯಿತು, ಖಾತೆಯ ಮಾಸ್ತರನೂ ಎದುರು ಮಾತಾಡುತ್ತಿರಲಿಲ್ಲ. ಇಡೀ ಕಾಲೊನಿಗೆ ಆಕೆ ಬಣ್ಣದಕ್ಕ. ಆ ಕಣ್ಣಿಗೆ ಸೋಲು ಅಂತ ಇದ್ದದ್ದು ಒಂದೇ ಕಡೆ. ಬಣ್ಣದ ಮಾಸ್ತರನ ಬಂಗಲೆಯ ಅಂಗಳದಲ್ಲಿ ಒಂದು ಗುಲಾಬಿ ಇತ್ತು. ಕೆಂಪು ಅಂದರೆ ಕೆಂಪಲ್ಲ, ಒಳ ಎಸಳಿನಲ್ಲಿ ಕರಿಯ ನೆರಳು, ಅಂಚಿಗೆ ಬಂದಾಗ ಹೊತ್ತಿಕೊಂಡ ಹಾಗೆ. ಆಕೆ ಆ ಕೆಂಪನ್ನು ನೂಲಿಗೆ ಇಳಿಸಲು ಹನ್ನೊಂದು ವರ್ಷ ಗುದ್ದಾಡಿದಳು. ಸೋತ ಕೆಂಪುಗಳ ಚೂರುಚೂರು ನೂಲನ್ನು ರಟ್ಟಿಗೆ ಸುತ್ತಿ ಅಡುಗೆಮನೆಯ ಗೋಡೆಗೆ ಹೊಡೆದಿದ್ದಳು. ಈಗಲೂ ಅಲ್ಲೇ ಇದೆ, ಒಗ್ಗರಣೆಯ ಹೊಗೆ ಕುಡಿದುಕೊಂಡು.

ಆ ಗಿಡದ ಒಂದು ಚಿಗುರುಮೊಗ್ಗನ್ನು ಕದ್ದು ತಂದು, ಗಂಟಣ್ಣನ ಮನೆ ಮುಂದೆ ಕಾಡುಗುಲಾಬಿಯ ಬುಡಕ್ಕೆ ಕಸಿ ಕಟ್ಟಿದವನು ಮಿಲ್ಲಿನ ತೋಟದ ಮಾಲಿ. ಆಗ ಇಬ್ಬರೂ ಒಂದೇ ಬೀಡಿಯನ್ನು ಹಂಚಿಕೊಂಡು ಸೇದುವಷ್ಟು ಗೆಳೆಯರು. ಮಾಲಿ ತೊಗಟೆ ಸೀಳಿ ಮೊಗ್ಗು ಕೂರಿಸಿದ, ಗಂಟಣ್ಣ ಮಿಲ್ಲಿನ ನೂಲಿನಿಂದ ಬಿಗಿದ. ಮರುವರ್ಷ ಚಳಿ ಸರಿದ ಮೇಲೆ ಗಿಡ ಹೂ ಬಿಟ್ಟಿತು, ಅದೇ ಕೆಂಪು. ಬಣ್ಣದಕ್ಕ ಅಂದು ಕೆಲಸಕ್ಕೆ ತಡವಾಗಿ ಬಂದು ಅರ್ಧ ದಿನದ ಸಂಬಳ ಬಿಟ್ಟಳು.

ಅದಾದ ಮೇಲೆ ಮುಷ್ಕರ. ಹತ್ತು ತಿಂಗಳು. ಏಳನೆಯ ತಿಂಗಳಲ್ಲಿ ಮಾಲಿಯ ಮಗಳು ಜ್ವರದಲ್ಲಿ ಮಲಗಿದಳು. ಅವನು ಒಂದು ಬೆಳಿಗ್ಗೆ ಮಿಲ್ಲಿನ ಹಿಂಬಾಗಿಲಿನಿಂದ ಒಳಗೆ ಹೋದ. ಅಂದಿನಿಂದ ಅವನ ಹೆಸರೇ ಹಿಂಬಾಗಿಲು. ಅವನ ಜೊತೆ ಯಾರೂ ಮಾತಾಡಬಾರದು, ಅವನ ಕೈಯಿಂದ ನೀರೂ ಮುಟ್ಟಬಾರದು ಎಂದು ಕಾರ್ಮಿಕರ ಸಭೆಯಲ್ಲಿ ತೀರ್ಮಾನವಾಯಿತು. ತೀರ್ಮಾನ ಓದಿದವನು ನಾನು. ಮಗುವಿನ ವಿಷಯ ನಮಗೆ ಗೊತ್ತಿತ್ತು. ಗೊತ್ತಿದ್ದೇ ಓದಿದೆ. ಮುಷ್ಕರ ಸೋತಿತು, ಮಿಲ್ಲು ಮುಚ್ಚಿತು, ಮಾಸ್ತರನ ಬಂಗಲೆ ಕೆಡವಿ ಲಾರಿ ನಿಲ್ಲಿಸುವ ಜಾಗ ಮಾಡಿದರು. ನಮ್ಮದು ಎಂದು ಉಳಿದದ್ದು ಆ ಒಂದು ತೀರ್ಮಾನ. ಇಪ್ಪತ್ತೆಂಟು ವರ್ಷ ಅದನ್ನು ಯಾರೂ ಮುರಿಯಲಿಲ್ಲ.

ಹೋದ ಚಳಿಗಾಲದ ಕೊನೆಗೆ ಬಣ್ಣದಕ್ಕನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು. ಎಡಗಣ್ಣು ಎರಡು ವರ್ಷದ ಹಿಂದೆಯೇ ಆರಿತ್ತು. ಬಲಗಣ್ಣಿಗೆ ಸುತ್ತಲಿಂದ ಕತ್ತಲು ನುಗ್ಗಿ, ನಡುವೆ ಒಂದು ಕೊಳವೆಯಷ್ಟು ಬೆಳಕು ಉಳಿದಿತ್ತು. ಡಾಕ್ಟರು ಹನಿ ಬರೆದುಕೊಟ್ಟು, ಹೋದದ್ದು ಬರುವುದಿಲ್ಲ, ಇದ್ದದ್ದೂ ಬೇಸಿಗೆ ದಾಟುವುದು ಕಷ್ಟ ಅಂದರಂತೆ.

ಆಸ್ಪತ್ರೆಯಿಂದ ಬಂದವಳೇ ಮೆಟ್ಟಿಲ ಮೇಲೆ ಕೂತು ಬೋಳುಗಿಡದ ಕಡೆ ಮುಖ ತಿರುಗಿಸಿದಳು.

"ರೀ, ಇದು ಯಾವಾಗ ಬಿಡುತ್ತೆ?"

"ಇನ್ನೆರಡು ತಿಂಗಳು."

"ಅಷ್ಟು ದಿನ ಈ ಕಣ್ಣು ಇರುತ್ತಾ?"

"ಇರುತ್ತೆ ಬಿಡೇ."

"ಡಾಕ್ಟರಿಗಿಂತ ನಿಮಗೇ ಜಾಸ್ತಿ ಗೊತ್ತು ಪಾಪ," ಎಂದು ನಕ್ಕಳು. ಆಮೇಲೆ ನಗಲಿಲ್ಲ. "ಇನ್ನೊಂದೇ ಸಲ ಆ ಕೆಂಪು ನೋಡ್ಬೇಕು ರೀ. ಸರಿಯಾಗಿ ನೋಡಿ ಒಳಗಿಟ್ಕೊಂಡ್‌ಬಿಡ್ತೀನಿ. ಆಮೇಲೆ ಏನಾದ್ರೂ ಆಗ್ಲಿ."

ಅವಳು ಜೀವಮಾನದಲ್ಲಿ ಗಂಡನ ಬಳಿ ಏನನ್ನೂ ಕೇಳಿದವಳಲ್ಲ. ಗಂಟಣ್ಣನಿಗೆ ತಲೆ ಕೆಟ್ಟಿತು. ಹೂ ಬೇಗ ಬರಬೇಕು, ದೊಡ್ಡದಾಗಿ ಬರಬೇಕು. ಗೊಬ್ಬರ ಹೊತ್ತ, ಮಣ್ಣು ಕೆದಕಿದ, ಕತ್ತರಿಯನ್ನು ಕಲ್ಲಿಗೆ ಉಜ್ಜಿ ಮಸೆದ. ಹಳೆಯ ಮೂರು ಕಡ್ಡಿಗಳನ್ನು ಗೇಣುದ್ದಕ್ಕೆ ಇಳಿಸಿದ. ಕಾಲೊನಿಯಲ್ಲಿ ಗುಲಾಬಿಯ ಮರ್ಮ ಗೊತ್ತಿದ್ದವನು ಒಬ್ಬನೇ, ಹಿಂಬಾಗಿಲು. ಬಸ್ ಡಿಪೋ ಹಿಂದೆ ಅವನದೊಂದು ಸಣ್ಣ ನರ್ಸರಿ. ದಿನವೂ ಈ ಬೀದಿಯಲ್ಲೇ ಸೈಕಲ್ ತಳ್ಳಿಕೊಂಡು ಹೋಗುತ್ತಾನೆ. ಅವನನ್ನು ಕೇಳುವ ಮಾತೇ ಇರಲಿಲ್ಲ.

ಬಿಸಿಲು ಬೆಚ್ಚಗಾಯಿತು. ಮೂರು ಕಡ್ಡಿಯಲ್ಲೂ ಚಿಗುರು ಒಡೆಯಿತು. ಕೆಂಪಗೆ, ಸಣ್ಣಗೆ, ಇರುವೆಯ ತಲೆಯಷ್ಟು, ಬರಲೋ ಬೇಡವೋ ಎಂಬಂತೆ. ಆದರೆ ಬುಡದಿಂದ, ಮಣ್ಣಿಗೆ ತಾಗಿಕೊಂಡು, ಎಳೆ ಹಸಿರು ಚಿಗುರೊಂದು ಎದ್ದಿತು ನೋಡಿ. ವಾರದಲ್ಲಿ ಮೊಣಕಾಲುದ್ದ. ಬೆರಳಿನಷ್ಟು ದಪ್ಪ. ಗಂಟಣ್ಣ ನನ್ನನ್ನು ಕೂಗಿ ಕರೆದು ತೋರಿಸಿದ. ಅವನು ಕೂಗಿದ್ದನ್ನು ನಾನು ಕೇಳಿದ್ದು ಮುಷ್ಕರದ ನಂತರ ಅದೇ ಮೊದಲು.

"ಹೆಂಗಿದೆ ನೋಡು!"

"ಭಲೇ," ಅಂದೆ. ನನಗೆ ಗುಲಾಬಿಗೂ ಬದನೆಗೂ ವ್ಯತ್ಯಾಸ ತಿಳಿಯದು. "ಬುಡದಿಂದ ಎದ್ದದ್ದಕ್ಕೆ ಕಸುವು ಜಾಸ್ತಿ."

ಆ ಹೊತ್ತಿಗೆ ಸರಿಯಾಗಿ ಬೀದಿಯಲ್ಲಿ ಸೈಕಲ್ ನಿಂತಿತು. ಹಿಂಬಾಗಿಲು ತಗಡಿನ ಬೇಲಿಯ ಮೇಲಿಂದ ಗಿಡ ನೋಡುತ್ತಿದ್ದ. ಇಪ್ಪತ್ತೆಂಟು ವರ್ಷದ ಮೇಲೆ ಅವನೇ ಬಾಯಿ ಬಿಟ್ಟ.

"ಆ ಕೆಳಗಿನ ಚಿಗುರು ಕಿತ್ತಾಕು. ಅದು ನಿಂದಲ್ಲ. ಮೇಲಿಂದನ್ನ ತಿಂದಾಕುತ್ತೆ."

ಗಂಟಣ್ಣ ಅವನ ಕಡೆ ತಿರುಗಲೂ ಇಲ್ಲ, ನನಗೇ ಹೇಳುವಂತೆ ಹೇಳಿದ. "ಕೆಳಗಿರೋರನ್ನ ಕಿತ್ತಾಕೋದು ಕೆಲವರ ಹಳೇ ಕಸುಬು."

ನಾನು ನಕ್ಕೆ. ಬೇಕೆಂದೇ ಜೋರಾಗಿ ನಕ್ಕೆ. ಹಿಂಬಾಗಿಲು ಇನ್ನೂ ಏನೋ ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡು ಸೈಕಲ್ ತಳ್ಳಿಕೊಂಡು ಹೋದ. ಅವನ ಬೆನ್ನು ತಿರುವಿನಲ್ಲಿ ಮರೆಯಾಗುವ ಮೊದಲೇ ಗಂಟಣ್ಣ ಕತ್ತರಿ ತೆಗೆದ. ಸೊರಗಿದ ಮೂರು ಕಡ್ಡಿಗೆ ಯಾಕೆ ಅನ್ನ ಹಾಕಬೇಕು? ಮೂರನ್ನೂ ಹಾರಿಸಿದ. ಕಸಿಯ ಉಬ್ಬು ಅಡ್ಡ ಬಂದಾಗ ಗರಗಸ ತಂದು ಅದನ್ನೂ ಕೊಯ್ದ. ಕಡ್ಡಿಗಳು ಅಂದೇ ನೀರು ಕಾಯಿಸುವ ಒಲೆಗೆ ಹೋದವು.

ಒಳಗಿನಿಂದ ಬಣ್ಣದಕ್ಕ ಕೇಳಿದಳು. "ಯಾರ್ರೀ ಅದು ಮಾತಾಡಿದ್ದು?"

"ಯಾರೂ ಇಲ್ಲ."

ಮುಂದಿನ ಐದಾರು ವಾರ ಗಂಟಣ್ಣನಷ್ಟು ಸುಖಿ ಲೋಕದಲ್ಲಿ ಇರಲಿಲ್ಲ. ಚಿಗುರು ಆಳುದ್ದ ಬೆಳೆದು ಬಾಗಿತು. ದಿನಾ ಬೆಳಿಗ್ಗೆ ಹೆಂಡತಿಗೆ ವರದಿ. ಇವತ್ತು ಇಷ್ಟು ಎತ್ತರ, ಇವತ್ತು ಮೊಗ್ಗು, ಒಂದಲ್ಲ ಎರಡಲ್ಲ, ಗೊಂಚಲು ಗೊಂಚಲು. ಗೊಂಚಲು ಅಂದಾಗ ಅವಳು, "ಅದು ಯಾವತ್ತೂ ಒಂಟಿ ಒಂಟಿ ತಾನೇ ಬಿಡ್ತಿದ್ದದ್ದು?" ಅಂದಳಂತೆ. "ಈ ಸಲ ಗೊಬ್ಬರ ಹಾಕಿದ್ದೀನಲ್ಲೇ" ಎಂದ ಇವನು.

ಒಂದು ಬೆಳಿಗ್ಗೆ ಮೊದಲ ಗೊಂಚಲು ಬಿರಿಯಿತು. ಬಿಳಿ. ಐದೇ ಎಸಳು, ಹಳದಿ ನಡುಬೊಟ್ಟು, ನಾಲ್ಕಾಣೆಯಷ್ಟಗಲ. ಬೇಲಿಯ ಹೂ, ಬುಡದ ಕಾಡುಗುಲಾಬಿಯದು.

ಗಂಟಣ್ಣ ಅದರ ಮುಂದೆ ಕುಕ್ಕರುಗಾಲಿನಲ್ಲಿ ಎಷ್ಟು ಹೊತ್ತು ಕೂತಿದ್ದನೋ. ನಾನು ಹೋದಾಗ ಮಣ್ಣು ಕೆದಕಿ ಬುಡ ಹುಡುಕುತ್ತಿದ್ದ, ಕಸಿ ಕೊಯ್ದ ಗಾಯ ಒಣಗಿ ಬೂದುಬಣ್ಣಕ್ಕೆ ತಿರುಗಿತ್ತು. ಹಿಂಬಾಗಿಲು ಹೇಳಿದ್ದು ಸರಿ, ನಾವು ನಕ್ಕಿದ್ದು ತಪ್ಪು. ಗಿಡ ನಮ್ಮ ಭಾಷಣ ಕೇಳಿ ಬೆಳೆಯುವುದಿಲ್ಲ.

ಆ ಮಧ್ಯಾಹ್ನ ಗಂಟಣ್ಣ ನರ್ಸರಿಗೆ ಹೋದ. ಮುಂದಿನ ಗೇಟಿನಿಂದ ಹೋದರೆ ಡಿಪೋದವರು ನೋಡುತ್ತಾರೆಂದು ಹಿಂದಿನ ತಂತಿಬೇಲಿಯ ಸಂದಿಯಲ್ಲಿ ನುಗ್ಗಿದ. ಅಂಗಿ ಸಿಕ್ಕಿ ಹರಿಯಿತು. ಕುಂಡಗಳ ನಡುವೆ ಕೂತಿದ್ದ ಹಿಂಬಾಗಿಲು ತಲೆಯೆತ್ತಿದ.

"ಹಿಂದಿನಿಂದ ಬಂದ್ಯಾ? ಬಾ."

ಅಷ್ಟೇ ಅಂದ. ಅದಕ್ಕಿಂತ ಹೆಚ್ಚು ಚುಚ್ಚಲಿಲ್ಲ, ಚುಚ್ಚಿದ್ದರೆ ಗಂಟಣ್ಣನಿಗೆ ಹಗುರವಾಗುತ್ತಿತ್ತು.

"ಕೊಯ್ದ ಕಡ್ಡಿ ಇದೆಯಾ?" ಎಂದು ಮಾಲಿ ಕೇಳಿದ.

"ಒಲೆಗೆ ಹಾಕ್ದೆ."

"ಅವತ್ತೇ ಒದ್ದೆ ಗೋಣಿಯಲ್ಲಿ ಸುತ್ತಿ ತಂದಿದ್ರೆ ಒಂದು ಮೊಗ್ಗು ಹಿಡಿಸ್ತಿದ್ದೆ. ಆದ್ರೂ ಈ ವರ್ಷ ಹೂ ಬರ್ತಿರಲಿಲ್ಲ ಬಿಡು."

"ನಿನ್ನ ಹತ್ರ ಅದರ ಇನ್ನೊಂದು ಗಿಡ..."

"ಬಂಗಲೆಯಲ್ಲೊಂದು, ನಿಮ್ಮನೇಲೊಂದು. ನನ್ನ ಪಾಲಿಗೆ ಒಂದು ಮಾಡ್ಕೊಳ್ಳೋಣ ಅಂತಿದ್ದೆ. ಅಷ್ಟೊತ್ತಿಗೆ ನಿಮ್ಮನೆ ಅಂಗಳಕ್ಕೆ ಕಾಲಿಡೋ ಹಾಗಿರಲಿಲ್ಲ ನಾನು."

ಕೊನೆಗೆ ಮಾಲಿ ಎದ್ದು, ಇದ್ದ ಕೆಂಪು ಗಿಡಗಳನ್ನೆಲ್ಲ ಒಂದು ಸುತ್ತು ನೋಡಿ, ಅತ್ಯಂತ ಕಡುಗೆಂಪಿನ ಒಂದು ಹೂ ಕತ್ತರಿಸಿಕೊಟ್ಟ. ಕಾಸು ಮುಟ್ಟಲಿಲ್ಲ. "ಇದು ಅದಲ್ಲ. ಹತ್ರದ್ದು" ಎಂದ.

ಮರುದಿನ ಬೆಳಿಗ್ಗೆ ಹತ್ತು ಗಂಟೆಯ ನಿಚ್ಚಳ ಬಿಸಿಲು. ಬಣ್ಣದ ಖಾತೆಯಲ್ಲಿ ಶೇಡು ನೋಡುತ್ತಿದ್ದ ಹೊತ್ತು ಅದು. ಗಂಟಣ್ಣ ಬಿಳಿ ಗೊಂಚಲುಗಳನ್ನೆಲ್ಲ ಕಿತ್ತು, ಆ ಕೆಂಪು ಹೂವನ್ನು ಗಿಡದ ಕಡ್ಡಿಗೆ ಕಟ್ಟಿದ್ದ. ಹಸಿರು ನೂಲು. ಹತ್ತಿರ ನಿಂತಿದ್ದ ನನಗೂ ಕಟ್ಟಿದ ಜಾಗ ಕಾಣಲಿಲ್ಲ. ಹೆಂಡತಿಯ ಕೈ ಹಿಡಿದು ತಂದು ನಿಲ್ಲಿಸಿದ.

"ನೋಡೇ. ಬಂತು."

ಅವಳು ಕುತ್ತಿಗೆ ಅತ್ತ ಇತ್ತ ವಾಲಿಸಿ ಕೊಳವೆಯೊಳಗೆ ಹೂವನ್ನು ಹುಡುಕಿ ಹಿಡಿದಳು. ಹಿಡಿದಳು ಅಂದರೆ ರೆಪ್ಪೆ ಬಡಿಯಲಿಲ್ಲ. ಅವಳ ಕೈ ಎಸಳಿನಿಂದ ತೊಟ್ಟಿಗೆ, ತೊಟ್ಟಿನಿಂದ ಕಡ್ಡಿಗೆ ಮೆಲ್ಲಗೆ ಇಳಿಯಿತು. ಒಂದು ಕಡೆ ಬೆರಳು ನಿಂತಿತು. ಉಗುರಿನಲ್ಲಿ ಒಮ್ಮೆ ಸವರಿದಳು.

"ಗಂಟು ಇನ್ನೂ ಚೆನ್ನಾಗೇ ಹಾಕ್ತೀರಿ," ಎಂದಳು.

ಬೆರಳು ಮತ್ತೆ ಎಸಳಿಗೆ ಏರಿತು.

"ಇದ್ರಲ್ಲಿ ನೀಲಿ ಜಾಸ್ತಿ ರೀ. ಅದ್ರಲ್ಲಿ ನೀಲಿ ಇರ್ಲಿಲ್ಲ. ಗೋಡೆ ಮೇಲಿರೋ ನನ್ನ ನಾಲ್ಕನೇ ರಟ್ಟು ಇದಕ್ಕಿಂತ ವಾಸಿ."

ಆಗ ಅವನು ಎಲ್ಲವನ್ನೂ ಹೇಳಿದ. ಚಿಗುರು, ಕತ್ತರಿ, ಗರಗಸ, ಒಲೆ. ಅಷ್ಟು ಉದ್ದ ಮಾತು ಅವನು ಆಡಿದ್ದೇ ಇಲ್ಲ. "ನೀನು ಕೇಳಿದ್ಯಲ್ಲ ಅವತ್ತು, ಯಾರು ಅಂತ... ಅವನೇ ಕಣೇ. ಕಿತ್ತಾಕು ಅಂದ. ಅವನು ಅಂದ ಅಂತ್ಲೇ ನಾನು..."

"ಗೊತ್ತು. ಕಿಟಕಿ ತೆಗ್ದೇ ಇತ್ತು."

"ಕೇಳಿಸ್ಕೊಂಡಿದ್ಯಾ? ಮತ್ಯಾಕೆ ಬಾಯಿ ಬಿಡ್ಲಿಲ್ಲ?"

"ಹತ್ತು ತಿಂಗಳು ನಾನೂ ಗೇಟಿನ ಮುಂದೆ ಕೂತಿದ್ದೆನಲ್ರೀ. ನಾನೂ ಅವನ ಮಾತು ನಂಬಲಿಲ್ಲ."

ಆಮೇಲೆ ಕೆಳಗೆ ಬಿದ್ದಿದ್ದ ಬಿಳಿ ಹೂವನ್ನು ಕಾಲಿನಿಂದ ತಡವಿ, ಬಗ್ಗಿ ಎತ್ತಿಕೊಂಡಳು. ಬೆಳಕಿಗೆ ಹಿಡಿದಳು, ಒದ್ದೆ ಲಡಿ ಹಿಡಿಯುತ್ತಿದ್ದ ಹಾಗೆಯೇ.

"ಬಣ್ಣದ ತೊಟ್ಟಿಗೆ ಇಳಿಸೋ ಮುಂಚಿನ ನೂಲು," ಎಂದಳು. ಹೂವನ್ನು ಕೆಳಗೆ ಬಿಟ್ಟು ಒಳಗೆ ಹೋದಳು. ಗೋಡೆ ಹಿಡಿದುಕೊಂಡು ಹೋದಳು, ಅವನ ಕೈ ಹಿಡಿಯಲಿಲ್ಲ.

ಬೇಸಿಗೆ ಅರ್ಧಕ್ಕೆ ಬರುವಾಗ ಕೊಳವೆಯೂ ಮುಚ್ಚಿತು. ಗಂಟಣ್ಣ ಒಂದು ದಿನ ಗುದ್ದಲಿ ತೆಗೆದುಕೊಂಡು ಗಿಡವನ್ನೇ ಅಗೆದು ಹಾಕಲು ಹೊರಟ. "ಬಿಡಿ, ಇನ್ನು ನನಗೆ ಯಾವ ಹೂವಾದ್ರೇನು" ಎಂದಳು. ಗುದ್ದಲಿ ಬೇಲಿಗೆ ಒರಗಿ ನಿಂತದ್ದು ಈಗಲೂ ಹಾಗೇ ನಿಂತಿದೆ. ಕಾಡುಗಿಡಕ್ಕೆ ಯಾರ ಆರೈಕೆಯೂ ಬೇಡ. ಅದು ತಗಡಿನ ಬೇಲಿಯನ್ನು ದಾಟಿ ಬೀದಿಗೆ ಚಾಚಿದೆ, ಹೋಗಿ ಬರುವವರ ಅಂಗಿ ಹಿಡಿದೆಳೆಯುತ್ತದೆ.

ನಾನು ಸಂಜೆ ಅಲ್ಲಿಗೆ ಹೋಗಿ ಕೂರುತ್ತೇನೆ. ಬಣ್ಣದಕ್ಕ ಮೆಟ್ಟಿಲ ಮೇಲೆ, ಗಂಟಣ್ಣ ಕಟ್ಟೆಯ ಮೇಲೆ, ನಾನು ಮುರಿದ ಕುರ್ಚಿಯಲ್ಲಿ. ಆರೂವರೆಗೆ ನರ್ಸರಿ ಮುಚ್ಚುತ್ತದೆ. ಸೈಕಲ್ಲಿನ ಸಡಿಲ ಚೈನು ಕಿರಿಕಿರಿ ಅನ್ನುತ್ತ ಬರುತ್ತದೆ, ನಮ್ಮ ಬೇಲಿಯ ಹತ್ತಿರ ನಿಧಾನವಾಗುತ್ತದೆ. ಒಳಗೆ ಬಾ ಅನ್ನಬಹುದು. ತೀರ್ಮಾನ ಓದಿದ ಬಾಯಿ ಇದೇ, ರದ್ದಾಯಿತು ಅನ್ನಲು ಸಭೆ ಬೇಕಿಲ್ಲ, ಸಭೆ ಸೇರಲು ಜನವೂ ಉಳಿದಿಲ್ಲ. ಮೂವರೂ ಬೀದಿಯ ಕಡೆ ಕಿವಿ ಕೊಟ್ಟು ಕೂತಿರುತ್ತೇವೆ. ನಾಲಿಗೆ ಏಳುವುದಿಲ್ಲ.

ಚೈನಿನ ಸದ್ದು ತಿರುವು ದಾಟುತ್ತದೆ.

"ಹೋದ್ನಾ?" ಎಂದು ಬಣ್ಣದಕ್ಕ ಕೇಳುತ್ತಾಳೆ.

"ಹೋದ," ಎನ್ನುತ್ತಾನೆ ಗಂಟಣ್ಣ.