ನರ್ಸಬಾಯಿಯ ಗಂಡ

ರಾಯಚೂರಿನ ಪೇಟೆಯಲ್ಲಿ ನಾನೇ ನೋಡಿ ಖರೀದಿಸಿ, ಬಸ್ಸಿನ ಮೇಲೆ ಕಟ್ಟಿಸಿ ದೇವದುರ್ಗಕ್ಕೆ ಒಯ್ದಿದ್ದ ನವಾರಿನ ಮಂಚ ಅದು. ಆ ಮಂಚದ ಮೇಲೆ ಬೇರೊಬ್ಬ ಗಂಡಸು ಮಲಗಿದ್ದ.

ಮಳೆಗಾಲದ ಒಂದು ಶನಿವಾರ ಮಧ್ಯಾಹ್ನ ಹೆಂಡತಿಯ ಕ್ವಾರ್ಟರ್ಸಿನ ಪಡಸಾಲೆಗೆ ಕಾಲಿಟ್ಟಾಗ ಕಂಡದ್ದು ಇದು. ಅವನು ಗೋಡೆಯ ಕಡೆ ಮುಖ ಮಾಡಿದ್ದ. ಎಳೆ ವಯಸ್ಸು. ಮೈಮೇಲೆ ನನ್ನ ಕೌದಿ. ಕೌದಿಯ ತುದಿಯನ್ನು ಪಾದದ ಕೆಳಗೆ ಮಡಚಿ ಸಿಕ್ಕಿಸುವುದು ನನ್ನ ಹೆಂಡತಿಯ ರೂಢಿ. ನನಗೆ ಹೊದಿಸುವಾಗಲೂ ಹಾಗೆಯೇ ಮಾಡುತ್ತಿದ್ದಳು. ಅವನ ಪಾದದ ಕೆಳಗೂ ಕೌದಿ ಹಾಗೆಯೇ ಸಿಕ್ಕಿಕೊಂಡಿತ್ತು. ಕೈಚೀಲ ಕೆಳಗಿಡುವುದನ್ನೂ ಮರೆತು ಅದನ್ನೇ ನೋಡುತ್ತ ನಿಂತೆ.

ಪಕ್ಕದ ಮನೆಯ ಮುದುಕಿ ಬಾಗಿಲಿಗೆ ಬಂದಳು. ನನ್ನ ಹೆಂಡತಿಯನ್ನು ಮನೆಮಗಳು ಮಾಡಿಕೊಂಡಿದ್ದ ಆ ಓಣಿಗೆಲ್ಲ ನಾನು ಅಳಿಯ.

"ಬರ್ರಿ ಅಳಿಯಂದ್ರ. ಹಂಗ್ಯಾಕ ನಿಂತೀರಿ, ಕಳ್ಳನ್ನ ಕಂಡೋರಂಗ? ಆಂವ ಸಾಲಿ ಮಾಸ್ತರ. ಮೈಸೂರು ಕಡ್ಯಾಂವ. ವಾಂತಿಭೇದಿ ಹತ್ತೇದಂತ ಮನಿ ಮಾಲಕ ಹಾಸಿಗಿ ಸಮೇತ ಹೊರಗ ಹಾಕ್ಯಾನ. ನಿಮ್ಮಾಕಿ ತಂದು ಇಲ್ಲಿ ಮಲಗಿಸ್ಯಾಳ."

"ಯಾಕ, ದವಾಖಾನಿ ಇಲ್ಲೇನು?"

"ಅದ ರೀ. ಇರೋ ಮಂಚೆಲ್ಲ ತುಂಬ್ಯಾವ, ನೆಲಾನೂ ತುಂಬ್ಯಾದ."

"ಮತ್ತ ಈಕಿ ಎಲ್ಲಿ ಮಲಗ್ತಾಳ?"

ಮುದುಕಿ ಬಾಯಿತುಂಬ ನಕ್ಕಳು. "ನನ್ನ ಬಾಜೂಕ ರೀ. ಗೊರಕಿ ಹೊಡಿತಾಳ. ಗೊತ್ತದ ಏನು ನಿಮಗ?"

ನನಗೆ ಗೊತ್ತಿರಲಿಲ್ಲ. ವಾರಕ್ಕೆರಡು ರಾತ್ರಿ ಬಂದುಹೋಗುವ ಗಂಡನ ಮುಂದೆ ಆಕೆ ಅಷ್ಟು ಮೈಮರೆತು ಮಲಗುತ್ತಿರಲಿಲ್ಲವೋ ಏನೋ. ಹಲ್ಲಿಲ್ಲದ ಆ ಮುದುಕಿಯ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

ನನ್ನ ಹೆಂಡತಿ ಮಾನ್ವಿಯವಳು. ಮದುವೆಗೆ ಮೊದಲೇ ನರ್ಸ್ ಕೆಲಸಕ್ಕೆ ಸೇರಿದ್ದಳು. ನಾನು ರಾಯಚೂರಿನ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಮದುವೆಯಾದ ಮೇಲೆ ಕೆಲಸ ಬಿಡುತ್ತಾಳೆಂದು ನಮ್ಮ ಮನೆಯವರು ತಿಳಿದಿದ್ದರು. ಬಿಡುವುದಿಲ್ಲವೆಂದು ಅವರ ಮನೆಯವರು ತಿಳಿದಿದ್ದರು. ಯಾರೂ ಬಾಯಿಬಿಟ್ಟು ಮಾತಾಡಲಿಲ್ಲ. ಹೀಗಾಗಿ ಆಕೆ ದೇವದುರ್ಗದಲ್ಲಿ, ನಾನು ರಾಯಚೂರಿನಲ್ಲಿ. ಶನಿವಾರದ ಬಸ್ಸು ಹಿಡಿದು ಹೋಗುವುದು, ಸೋಮವಾರ ಬೆಳಗಿನ ಬಸ್ಸಿಗೆ ಮರಳುವುದು. ಅಲ್ಲಿ ನನಗೆ ಹೆಸರಿರಲಿಲ್ಲ. ಬಸ್ ನಿಲ್ದಾಣದ ಚಹಾದವನಿಂದ ಹಿಡಿದು ಎಲ್ಲರಿಗೂ ನಾನು ನರ್ಸಬಾಯಿಯ ಗಂಡ.

ಆ ಮಳೆಗಾಲದಲ್ಲಿ ಕೃಷ್ಣೆಯ ದಂಡೆಯ ಹಳ್ಳಿಗಳಿಂದ ಶುರುವಾಗಿ ಊರೊಳಗೂ ಕಾಲರಾ ಬಂದಿತ್ತು. ಎಷ್ಟೋ ದೇಶ ಸುತ್ತಿ, ಕಡಲು ದಾಟಿ ಬಂದ ರೋಗವೆಂದು ಡಾಕ್ಟರು ಹೇಳುತ್ತಿದ್ದರಂತೆ. ಕಡಲು ದಾಟಿದ ರೋಗಕ್ಕೆ ನಮ್ಮ ಎರೆಮಣ್ಣಿನ ದಾರಿ ಅಡ್ಡಿಯಾಗಲಿಲ್ಲ. ಅಡ್ಡಿಯಾದದ್ದು ಸಲಾಯಿನ್ ಬಾಟಲಿ ತರುವ ಜೀಪಿಗೆ. ಗಾಲಿ ಹೂತು ಅದು ಎಲ್ಲೋ ನಿಂತಿತ್ತು. ಜೀಪು ಬಂದರೂ ಜನ ಓಡಿಹೋಗುವ ಕಾಲ. ಅದಕ್ಕೆ ಸ್ವಲ್ಪ ಹಿಂದಷ್ಟೇ ಸಂತಾನಹರಣದ ಆಪರೇಷನ್‌ಗೆಂದು ಗಂಡಸರನ್ನು ಹಿಡಿದೊಯ್ದದ್ದು ಯಾರೂ ಮರೆತಿರಲಿಲ್ಲ. ದವಾಖಾನೆ ಎಂದರೆ ಹೊಲಕ್ಕೆ ಓಡುತ್ತಿದ್ದರು. ಆದ್ದರಿಂದ ನನ್ನ ಹೆಂಡತಿ ಜೀಪು ಹತ್ತದೆ, ಕೈಯಲ್ಲಿ ಚಪ್ಪಲಿ ಹಿಡಿದು ಕೆಸರಿನಲ್ಲಿ ನಡೆದೇ ಹೋಗುತ್ತಿದ್ದಳು. ನಡೆದು ಬಂದವಳನ್ನು ಜನ ಒಳಗೆ ಕರೆಯುತ್ತಿದ್ದರು. ಹಾಗೆ ಕರೆದ ಮನೆಗಳೆಲ್ಲ ನನ್ನ ಮನೆಯಿಂದ ಆಕೆಯನ್ನು ಸ್ವಲ್ಪ ಸ್ವಲ್ಪವೇ ಕಿತ್ತುಕೊಂಡವು ಎಂದು ನನಗೆ ಅನ್ನಿಸುತ್ತಿತ್ತು.

ಆ ದಿನ ನನ್ನ ಅಂಗಿಯ ಜೇಬಿನಲ್ಲಿ ಆಕೆಯ ವರ್ಗಾವಣೆಯ ಆರ್ಡರ್ ಇತ್ತು. ರಾಯಚೂರಿನ ದೊಡ್ಡ ದವಾಖಾನೆಗೆ. ಗಿರಣಿಯ ಸಾವುಕಾರರ ಕೈಕಾಲು ಹಿಡಿದು, ಅವರಿಂದ ಹೇಳಿಸಿ, ತಿಂಗಳುಗಟ್ಟಲೆ ಕಚೇರಿ ಸುತ್ತಿ ತಂದದ್ದು. ತಿಂಗಳ ಕೊನೆಯೊಳಗೆ ಹಾಜರಾಗಬೇಕಿತ್ತು. ಇಲ್ಲದಿದ್ದರೆ ಆ ಜಾಗಕ್ಕೆ ಬೇರೆಯವರು ಕಾದಿದ್ದರು. ಆಕೆ ಓದಿ ಕುಣಿದಾಡುತ್ತಾಳೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ.

ಆಕೆ ಬಂದಳು. ಕಣ್ಣು ಗುಳಿಬಿದ್ದಿದ್ದವು, ಸೀರೆಯ ಅಂಚು ಕೆಸರಾಗಿತ್ತು. ನನ್ನನ್ನು ಕಂಡು ಮುಖ ಅರಳಿತು. ನಿಜವಾಗಿ ಅರಳಿತು.

"ಬಂದ್ರಾ? ಛಲೋ ಆತು. ಕೈ ತೊಳ್ಕೋರಿ. ಸಬಕಾರ ಹಚ್ಚಿ ತೊಳ್ಕೋರಿ."

ಗಂಡ ಬಂದ ಸಂತೋಷವಲ್ಲ ಅದು. ಇನ್ನೆರಡು ಕೈ ಬಂದವೆಂಬ ಸಂತೋಷ. ಆರ್ಡರ್ ಕೊಟ್ಟೆ. ನಿಂತಲ್ಲೇ ಓದಿ, ಮಡಚಿ, ನನ್ನ ಜೇಬಿಗೇ ತುರುಕಿದಳು.

"ಈಗ ಇದನ್ನ ಮಾತಾಡೋ ಹೊತ್ತೇನ್ರಿ?"

"ಮತ್ತ ಯಾವಾಗ? ಆಂವ ಯಾರು ನಿನಗ?"

"ಪೇಶಂಟ."

"ನಾ ಯಾರು?"

"ನೀವು ಆರಾಮಿದ್ದೀರಲ್ರೀ!"

ಅಷ್ಟರಲ್ಲಿ ಬಳೆ ಅಂಗಡಿಯ ಸಾಹೇಬರು ಏದುಸಿರು ಬಿಡುತ್ತ ಬಂದರು. "ಬಾಯಾರ, ಜಲ್ದಿ ಬರ್ರಿ. ಅಮ್ಮೀ ಕಣ್ಣು ಮ್ಯಾಲ ಮಾಡ್ಯಾಳ. ಡಾಕ್ಟರ್ ಸಾಬ್ ಬಾಗಲ್ದಾಗ ನಿಂತಾರ, ಅಮ್ಮೀ ಪರ್ದಾದಿಂದ ಕೈ ಹೊರಗ ಹಾಕವಲ್ಲಳು. ಸತ್ರೂ ಗಂಡಸರಿಗೆ ಕೈ ಕೊಡಾಂಗಿಲ್ಲ ಅಂತಾಳ. ನಿಮ್ಮನ್ನ ಕರೀ ಅಂತಾಳ."

ಹೆಂಡತಿ ಚೊಂಬು ಮತ್ತು ಚಮಚವನ್ನು ನನ್ನ ಕೈಗೆ ಕೊಟ್ಟಳು. ಕುದಿಸಿ ಆರಿಸಿದ ನೀರು, ಅದರಲ್ಲಿ ಉಪ್ಪು ಸಕ್ಕರೆ. "ಒಂದೊಂದ ಚಮಚ ಹಾಕ್ರಿ. ವಾಂತಿ ಮಾಡಿದ್ರ ತುಸು ತಡದು ಮತ್ತ ಹಾಕ್ರಿ. ಯಾರು ಬ್ಯಾಡ ಅಂದ್ರೂ ನಿಲ್ಲಿಸಬ್ಯಾಡ್ರಿ. ಉಚ್ಚಿ ಹೊಯ್ದನಂದ್ರ ಉಳದಂಗ." ಹೇಳಿ ಹೊರಟೇಬಿಟ್ಟಳು.

ಹೀಗೆ ನಾನು, ನನ್ನ ಮಂಚ ಹಿಡಿದ ಗಂಡಸಿನ ತಲೆದೆಸೆಯಲ್ಲಿ ಕೂತೆ.

ಮುದುಕಿ ಹೊಸ್ತಿಲಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು. "ಅಳಿಯಂದ್ರ, ನನ್ನ ಮಾತು ಕೇಳ್ರಿ. ನೀರು ಹಾಕಬ್ಯಾಡ್ರಿ. ಹಾಕಿದಷ್ಟೂ ಹೋಗ್ತದ. ಹೊಟ್ಟಿ ಒಣಗಿಸಬೇಕು." ನಮ್ಮ ತಾಯಿಯೂ ಇದನ್ನೇ ಹೇಳುತ್ತಿದ್ದಳು. ನಮ್ಮ ಕಡೆ ಎಲ್ಲ ಮನೆಗಳಲ್ಲೂ ಭೇದಿ ಹತ್ತಿದ ಮಗುವಿನ ಕೈಯಿಂದ ನೀರಿನ ಲೋಟ ಕಸಿದುಕೊಳ್ಳುವುದು ಪ್ರೀತಿಯ ಲಕ್ಷಣವಾಗಿತ್ತು. ಹೆಂಡತಿ ಒಂದು ಮನೆ ಬಿಟ್ಟು ಎದ್ದರೆ ಸಾಕು, ಅತ್ತೆಯೋ ಅಜ್ಜಿಯೋ ಚೊಂಬು ಮುಚ್ಚಿಡುತ್ತಿದ್ದರು. ಆದ್ದರಿಂದಲೇ ಆಕೆ ಎದ್ದು ಬರುವಂತಿರಲಿಲ್ಲ. ಸೂಜಿ ಚುಚ್ಚಿ ಬರುವ ಕೆಲಸವಾಗಿದ್ದರೆ ನನ್ನ ಶನಿವಾರಗಳು ನನಗೆ ಸಿಗುತ್ತಿದ್ದವು.

ನಾನು ನೀರು ನಿಲ್ಲಿಸಲಿಲ್ಲ. ಕರುಣೆಯಿಂದಲ್ಲ. ಇವನು ಬೇಗ ಗುಣವಾಗಿ ಮಂಚ ಬಿಟ್ಟೇಳಲಿ ಎಂದು.

ಒಂದೆರಡು ಸಲ ಕಕ್ಕಿದ. ಒರೆಸಿದೆ. ಮೂಗಿಗೆ ವಸ್ತ್ರ ಕಟ್ಟಿಕೊಂಡು ಬಕೆಟ್ ಚೆಲ್ಲಿಬಂದೆ. ಮತ್ತೆ ಚಮಚ ಹಿಡಿದೆ. ಬಿಸಿಲು ಇಳಿಯುವ ಹೊತ್ತಿಗೆ ಅವನು ಕಣ್ಣು ತೆರೆದು ನನ್ನ ಕಡೆ ತಿರುಗಿದ.

"ನೀವು... ಅವರ ಯಜಮಾನರಾ ಸಾರ್?"

"ಹೌದ್ರಿ."

"ನಿಮ್ಮ ವಿಷಯ ಹೇಳ್ತಿರ್ತಾರೆ."

"ಏನಂತ?"

ಅವನ ರೆಪ್ಪೆ ಮುಚ್ಚಿಕೊಂಡವು. ನನಗೆ ಅವನ ಭುಜ ಹಿಡಿದು ಅಲುಗಾಡಿಸುವಷ್ಟು ಸಿಟ್ಟು ಬಂತು. ನನ್ನ ಹೆಂಡತಿ ನನ್ನ ವಿಷಯ ಏನೋ ಹೇಳಿದ್ದಾಳೆ, ಅದು ಇವನಿಗೆ ಗೊತ್ತಿದೆ, ನನಗೆ ಗೊತ್ತಿಲ್ಲ. ಇವನು ಈಗ ಸತ್ತರೆ ಅದನ್ನೂ ಒಯ್ಯುತ್ತಾನೆ. ಚಮಚ ಬಿಡದೆ ಹಾಕಿದೆ. ಅಷ್ಟು ಶ್ರದ್ಧೆಯಿಂದ ನಾನು ನನ್ನ ತಾಯಿಗೂ ನೀರು ಕುಡಿಸಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅವನು ಮತ್ತೆ ಎಚ್ಚರಾಗಿ, ನಾಚಿಕೊಂಡು, ಹೊರಗೆ ಹೋಗಬೇಕು ಎಂದ. ಎಬ್ಬಿಸಲಿಲ್ಲ, ಡಬ್ಬಿ ಹಿಡಿದೆ. ಕಾಲರಾ ಹತ್ತಿದಾಗಿನಿಂದ ಮೊದಲ ಸಲ ಅವನು ಮೂತ್ರ ಮಾಡಿದ. ಹೊಸ್ತಿಲಿನಿಂದ ಮುದುಕಿ, "ಹೊಯ್ದನೇನ್ರಿ?" ಎಂದು ಕೂಗಿದಳು. ಎದುರುಮನೆಯಿಂದ ಇನ್ಯಾರೋ, "ಮಾಸ್ತರ ಹೊಯ್ದನಂತ!" ಎಂದು ಓಣಿಗೆಲ್ಲ ಸಾರಿದರು. ಮಾಸ್ತರ ಕೌದಿಯನ್ನು ಮುಖದ ಮೇಲೆ ಎಳೆದುಕೊಂಡ.

ಕೌದಿ ಸರಿಸಿ ಕೇಳಿದೆ. "ಏನು ಹೇಳ್ತಿದ್ಲು ನನ್ನ ವಿಷಯ?"

"ಶನಿವಾರದವರೆಗೆ ತಡ್ಕೊಳ್ಳಿ ಮೇಷ್ಟ್ರೇ, ನಮ್ಮನೆಯವರು ಬರ್ತಾರೆ ಅಂತಿದ್ರು ಸಾರ್. ಅವರು ಒಂದ್ಸಲ ಕೂತ್ರೆ ಏಳೋರಲ್ಲ, ನನಗಿಂತ ಚೆನ್ನಾಗಿ ನೋಡ್ಕೋತಾರೆ ಅಂತ."

ಈ ಮಾತನ್ನು ಆಕೆ ನನಗೆ ಯಾವತ್ತೂ ಹೇಳಿರಲಿಲ್ಲ. ಹೇಳಿದ್ದು ಇವನಿಗೆ.

ಕತ್ತಲಾದ ಮೇಲೆ ಆಕೆ ಬಂದಳು. ಸಾಹೇಬರ ತಾಯಿಯ ನಾಡಿ ಮರಳಿತ್ತು. ಪಕ್ಕದ ಮನೆಯ ಮುದುಕಿ ಬಾಗಿಲಲ್ಲೇ ಮಾಸ್ತರನ ಸುದ್ದಿ ಹೇಳಿದಳು. ಹೆಂಡತಿ ಮಾಸ್ತರನ ಮುಖ ನೋಡಿ, ಸೆರಗಿನಿಂದ ತನ್ನ ಮುಖ ಒರೆಸಿಕೊಂಡು ನಕ್ಕಳು. ನಮ್ಮ ಮದುವೆಯ ಫೋಟೋದಲ್ಲೂ ಆಕೆ ಹಾಗೆ ನಕ್ಕಿಲ್ಲ.

ಸೋಮವಾರದ ಬಸ್ಸು ನಾನು ಹಿಡಿಯಲಿಲ್ಲ. ರೋಗ ಇಳಿಯುವವರೆಗೆ ಅಲ್ಲಿಯೇ ಉಳಿದೆ. ಗಂಡಸರ ಬಳಿ ನನ್ನನ್ನು ಕೂರಿಸುತ್ತಿದ್ದಳು, ಹೆಂಗಸರ ಬಳಿ ತಾನು ಕೂರುತ್ತಿದ್ದಳು. ಒಂದೇ ಊರಿನಲ್ಲಿದ್ದೂ ಬೇರೆ ಬೇರೆ ಗೋಡೆಗಳ ಹಿಂದೆ ಇದ್ದೆವು. ತಿಂಗಳ ಕೊನೆ ಹತ್ತಿರ ಬಂದಾಗ ಆರ್ಡರನ್ನು ಮತ್ತೆ ಆಕೆಯ ಮುಂದಿಟ್ಟೆ. ಈ ಸಲ ಜಗಳಕ್ಕೆ ಸಿದ್ಧನಾಗಿದ್ದೆ. ಆಕೆ ಅದನ್ನು ಮತ್ತೊಮ್ಮೆ ಓದಿ, "ಬರ್ತೀನಿ ನಡೀರಿ. ಎಷ್ಟಂತ ಬಸ್ಸಿನಾಗ ಅಡ್ಡಾಡ್ತೀರಿ," ಎಂದಳು.

ಹೊರಡುವ ದಿನ ಬಸ್ ನಿಲ್ದಾಣದಲ್ಲಿ ಓಣಿಗೆ ಓಣಿಯೇ ನಿಂತಿತ್ತು. ಸಾಹೇಬರು ಕೈತುಂಬ ಹಸಿರು ಬಳೆ ತೊಡಿಸಿದರು. ಗೆದ್ದವನು ನಾನು. ಆದರೆ ಆಕೆ ಕಿಟಕಿಯ ಕಡೆ ತಿರುಗಿದವಳು ರಾಯಚೂರಿನ ಹತ್ತಿರದ ಕಲ್ಮಲ ದಾಟುವವರೆಗೂ ನನ್ನ ಕಡೆ ನೋಡಲಿಲ್ಲ.

ರಾಯಚೂರಿನಲ್ಲಿ ಇನ್ನು ಆಕೆ ನನ್ನವಳು ಎಂದುಕೊಂಡೆ. ಒಂದು ವಾರವೂ ಆಗಿರಲಿಲ್ಲ, ದೇವದುರ್ಗದ ಮೊದಲ ಬಸ್ಸಿಗೆ ಬಂದವರು ನಮ್ಮ ಬಾಗಿಲು ಬಡಿದರು. ದೊಡ್ಡ ದವಾಖಾನೆಯಲ್ಲಿ ಯಾವ ಸಾಲು ಎಲ್ಲಿಗೆ ಎಂದು ಅವರಿಗೆ ತಿಳಿಯುತ್ತಿರಲಿಲ್ಲ, ಕೇಳಿದರೆ ಬೈಯುತ್ತಾರೆಂಬ ಹೆದರಿಕೆ. "ಬಾಯಾರದಾರೇನ್ರಿ?" ಎಂದು ನೇರ ನಮ್ಮ ಮನೆಗೆ ಬರುತ್ತಿದ್ದರು. ಆಮೇಲೆ ಮಾನ್ವಿಯ ತವರಿನ ಕಡೆಯವರು, ಕುರ್ಡಿಯವರು, ಅವರು ಹೇಳಿ ಕಳಿಸಿದವರು. ಪಡಸಾಲೆಯಲ್ಲಿ ಬುತ್ತಿ ಬಿಚ್ಚಿ ಉಣ್ಣುತ್ತಿದ್ದರು. ಒಮ್ಮೆ ತಡೆಯಲಾರದೆ ಅಂದೆ, "ವರ್ಗ ಆದದ್ದು ನಿನಗೊಬ್ಬಾಕಿಗಲ್ಲ, ದೇವದುರ್ಗ ತಾಲೂಕಿಗೇ ಆದಂಗ ಕಾಣ್ತದ."

"ಆರ್ಡರ್ ತಂದೋರು ನೀವ ಅಲ್ರೀ," ಎಂದು ರೊಟ್ಟಿ ಬಡಿಯುತ್ತಲೇ ಹೇಳಿದಳು.

ಎಷ್ಟೋ ವರ್ಷ ಹೀಗೇ ನಡೆಯಿತು. ಈ ವರ್ಷ ಆಕೆ ತೀರಿಹೋದಳು. ಹೊಟ್ಟೆಯಲ್ಲಿ ಗಡ್ಡೆ. ತಾನು ಕೆಲಸ ಮಾಡಿದ ವಾರ್ಡಿನಲ್ಲಿಯೇ ಮಲಗಿದ್ದಳು. ಭೇಟಿಯ ಹೊತ್ತು ಮೀರಿದ ಕೂಡಲೇ ಆಕೆಯೇ ಕೆಲಸ ಕಲಿಸಿದ ಹುಡುಗಿಯರು, "ಹೊರಗ ಕುಂದರ್ರಿ ಕಾಕಾ," ಎಂದು ನನ್ನನ್ನು ಕಳಿಸುತ್ತಿದ್ದರು. ಪರದೆಯ ಆಚೆ ಅವರು ಆಕೆಯ ತಲೆ ಬಾಚುತ್ತ ಏನೋ ಹೇಳಿ ನಗಿಸುವುದು ಕೇಳುತ್ತಿತ್ತು. ಆಕೆ ನಗುವಾಗ ನಾನು ಬೆಂಚಿನ ಮೇಲಿರುತ್ತಿದ್ದೆ. ಕೊನೆಗೆ ಮಣ್ಣು ಕೊಡುವಾಗಲೂ ನನ್ನ ಮುಂದೆ ಎಷ್ಟೋ ಜನ ಅಳುತ್ತ ನಿಂತಿದ್ದರು. ದಾರಿ ಬಿಡ್ರಿ ಎಂದು ಕೇಳಿಕೊಂಡು ಮುಂದೆ ಹೋಗಬೇಕಾಯಿತು.

ಹೋದ ತಿಂಗಳು ಒಂದು ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ನದಿ ದಂಡೆಯ ಹಳ್ಳಿಯ ಹೆಂಗಸು, ಜೊತೆಗೆ ದಿನ ತುಂಬಿದ ಸೊಸೆ.

"ಬಾಯಾರದಾರೇನ್ರಿ?"

ಹೇಳಿದೆ. ಆ ಹೆಂಗಸು ಅಲ್ಲಿಯೇ ಕುಸಿದು ಕೂತು, "ಯವ್ವಾ, ನಮ್ಮವ್ವಾ," ಎಂದು ಎದೆ ಬಡಿದುಕೊಂಡಳು. ಸಮಾಧಾನ ಮಾಡಬೇಕಾದವನು ನಾನು. ಮಾಡಲಾಗಲಿಲ್ಲ. ಸುಮ್ಮನೆ ನಿಂತು ಅಸೂಯೆಪಟ್ಟೆ. ಆ ಬೆಳಗಿನ ಬಸ್ಸು ಇಳಿದು ನನ್ನ ಬಾಗಿಲಿಗೆ ಬರುವವರೆಗೆ ಈ ಹೆಂಗಸಿನ ಪಾಲಿಗೆ ನನ್ನ ಹೆಂಡತಿ ಬದುಕಿದ್ದಳು. ದಾರಿಯುದ್ದಕ್ಕೂ ಸೊಸೆಗೆ ಆಕೆಯ ಮಾತನ್ನೇ ಹೇಳುತ್ತ ಬಂದಿರಬೇಕು. ಅಷ್ಟು ತಿಂಗಳು ನನಗೆ ಇಲ್ಲದ್ದು ಈಕೆಗೆ ಇತ್ತು.

ಸೊಸೆ ಗೋಡೆ ಹಿಡಿದು ನರಳಿದಳು. ಚಪ್ಪಲಿ ಮೆಟ್ಟಿ ಅವರ ಜೊತೆ ದವಾಖಾನೆಗೆ ಹೊರಟೆ. ಆ ಹೆಂಗಸು ಮೂಗು ಒರೆಸಿಕೊಳ್ಳುತ್ತ ಹೇಳತೊಡಗಿದಳು. ತನ್ನ ಹಿರಿಯ ಮಗ ಹುಟ್ಟಿದ ದಿನ ಹೊಳೆ ತುಂಬಿ ಬಂದಿತ್ತಂತೆ. ಹರಗೋಲಿನವನು ಬರಲಾರೆ ಅಂದನಂತೆ. ನನ್ನ ಹೆಂಡತಿ ಅವನನ್ನು ನೋಡಿ ಒಂದು ಮಾತು ಅಂದಳಂತೆ. ನಾನು ಕೇಳಿರದ ಸಂಗತಿ. ಅಷ್ಟರಲ್ಲಿ ದವಾಖಾನೆಯ ಗೇಟು ಬಂತು, ಸೊಸೆ ಅತ್ತೆಯ ಕೈ ಹಿಡಿದು ನಿಂತುಬಿಟ್ಟಳು.

"ಏನಂದ್ಲು ಆಕಿ ಆವಂಗ?" ಎಂದು ಕೇಳಿದೆ.

"ತಡೀರಿ ಯಪ್ಪಾ, ಮೊದಲ ಚೀಟಿ ಮಾಡಿಸ್ರಿ. ಈಕಿ ಹಡದ ಮ್ಯಾಲ ಹೇಳ್ತೀನಿ."

ಚೀಟಿ ಮಾಡಿಸಿ, ಅವರನ್ನು ಹೆರಿಗೆ ವಾರ್ಡಿಗೆ ಬಿಟ್ಟು, ಹೊರಗೆ ಕೂತೆ. ಗಿರಣಿಗೆ ಆ ದಿನ ಹೋಗಲಿಲ್ಲ.