ಒಂದು ಬೆರಳಿನಷ್ಟು ಸಡಿಲ

ನನ್ನ ಎಡತೊಡೆಯ ಹೊರಮಗ್ಗುಲಲ್ಲಿ ಅಂಗೈ ಅಗಲದ ಜಾಗವೊಂದಿದೆ. ಮೂರು ವರ್ಷ ಅದು ಉರಿಯಿತು. ಹಸಿ ಮೆಣಸಿನಕಾಯಿ ಅರೆದು ಮೆತ್ತಿದ ಹಾಗೆ ಉರಿ, ನಡುನಡುವೆ ಸೂಜಿಯ ಚುಚ್ಚು. ಪ್ಯಾಂಟಿನ ಬಟ್ಟೆ ಸೋಕಿದರೂ ಸಾಕು, ಜೀವ ಹೋಗಿ ಬರುತ್ತಿತ್ತು. ಹೊರಗೆ ನೋಡಿದರೆ ಬಾವಿಲ್ಲ, ಗಾಯವಿಲ್ಲ, ಕೆಂಪೂ ಇಲ್ಲ. ಕಣ್ಣಿಗೆ ಕಾಣದ ನೋವಿಗೆ ಜನ ಎಷ್ಟು ಬೆಲೆ ಕೊಡುತ್ತಾರೆಂದು ಆಗ ಚೆನ್ನಾಗಿ ಕಲಿತೆ.

ನಾನು ಮೆಟ್ಟೂರಿನಿಂದ ಮೇಚೇರಿ, ತೊಪ್ಪೂರು ಹಾದು ಧರ್ಮಪುರಿಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರ್. ಹತ್ತೊಂಬತ್ತು ವರ್ಷ ನಿಂತುಕೊಂಡೇ ಅನ್ನ ತಿಂದವನು. ಈ ನೋವಿನ ಕುಚೋದ್ಯ ಏನೆಂದರೆ, ನಿಂತರೆ ಏರುತ್ತಿತ್ತು, ಕೂತರೆ ಇಳಿಯುತ್ತಿತ್ತು. ಕೂತರೆ ಹೋಗುವ ನೋವು ಎಂದರೆ ಯಾರು ನಂಬುತ್ತಾರೆ? ಡ್ರೈವರು ಕನ್ನಡಿಯಲ್ಲಿ ನೋಡಿ ನಗುತ್ತಿದ್ದ, ಮಾಪಿಳ್ಳೆಗೆ, ಮದುಮಗನಿಗೆ, ಸೀಟು ಬೇಕಂತೆ ಎಂದು ಪ್ಯಾಸೆಂಜರುಗಳಿಗೆ ಹೇಳುತ್ತಿದ್ದ. ತೊಪ್ಪೂರಿನ ಇಳಿಜಾರಿನಲ್ಲಿ ಲಾರಿಗಳ ಹಿಂದೆ ಬಸ್ಸು ತೆವಳುವಾಗ ಕಂಬಿ ಹಿಡಿದು ಒಂಟಿಕಾಲಲ್ಲಿ ನಿಂತು ಟಿಕೆಟ್ ಹರಿಯುತ್ತಿದ್ದೆ. ಒಂದು ದಿನ ಓನರ್ ಕರೆದು, ಪೊಂಗಲ್ ಹೊತ್ತಿಗೆ ವಾಸಿ ಮಾಡಿಕೊಂಡು ಬಾ, ಇಲ್ಲದಿದ್ದರೆ ಬ್ಯಾಗು ಬೇರೆಯವರಿಗೆ ಕೊಡುತ್ತೇನೆ ಎಂದರು. ಆಗಿನಿಂದ ನನಗೆ ನೋವಿಗಿಂತ ಆ ತೊಗಲು ಬ್ಯಾಗಿನ ಚಿಂತೆಯೇ ದೊಡ್ಡದಾಯಿತು.

ಮೊದಲು ಮೇಚೇರಿಯ ಡಾಕ್ಟರು. ಗ್ಯಾಸ್ ಎಂದು ಹೇಳಿ ಸೂಜಿ ಹಾಕಿದರು. ತೊಡೆಯಲ್ಲಿ ಗ್ಯಾಸ್ ಹೇಗೆ ಬಂತು ಎಂದು ಕೇಳಿದ್ದಕ್ಕೆ ಮುಖ ಸಿಂಡರಿಸಿದರು. ಆಮೇಲೆ ಅದಿಯಮಾನ್‌ಕೋಟೆಯ ಹತ್ತಿರ ನರ ಎಳೆಯುವ ವೈದ್ಯ. ಅವನು ಬಿಸಿ ಎಣ್ಣೆ ಸುರಿದು ತೊಡೆಯನ್ನು ಚಪಾತಿ ಹಿಟ್ಟಿನ ಹಾಗೆ ನಾದಿದ. ಎರಡು ದಿನ ಕಾಲು ಊರಲಾಗಲಿಲ್ಲ. ಮೂರನೆಯವರು ಸೇಲಂನ ಎಲುಬಿನ ಡಾಕ್ಟರು. ನಾನು ತೊಡೆ ಮುಟ್ಟಿ ತೋರಿಸಿದೆ, ಅವರು ಬೆನ್ನು ತಟ್ಟಿ ನೋಡಿದರು. ತೊಡೆಯ ನೋವೆಲ್ಲ ಬೆನ್ನಿನಿಂದಲೇ ಬರುವುದು ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರಲ್ಲ, ಅದೇ. ಸೊಂಟಕ್ಕೆ ಬಿಗಿಯಾದ ಬೆಲ್ಟೊಂದನ್ನು ಕಟ್ಟಿಸಿ, ಬೆನ್ನಿಗೆ ಸ್ಕ್ಯಾನ್ ಬರೆದುಕೊಟ್ಟರು.

ಇಲ್ಲಿ ನನ್ನ ಉಡಿದಾರದ ಮಾತು ಹೇಳಬೇಕು. ನಮ್ಮಲ್ಲಿ ಗಂಡುಮಗ ಹುಟ್ಟಿದ ಮೇಲೆ ಅವನ ಸೊಂಟ ಬರಿದಾಗಿ ಇರಬಾರದು. ಹಳೆಯದನ್ನು ಬಿಚ್ಚುವ ಮೊದಲೇ ಹೊಸದು ಕಟ್ಟಿರಬೇಕು. ಸೊಂಟದ ದಾರ ಕಿತ್ತು ಹಾಗೇ ಬಿಡುವುದು ಹೆಣಕ್ಕೆ ಮಾತ್ರ. ನನ್ನದು ಬೆಳ್ಳಿಯದು. ನನ್ನ ಮದುವೆಯ ವರ್ಷ ಅವ್ವ ತನ್ನ ಕಾಲಿನ ಚೈನು ಕರಗಿಸಿ ಮಾಡಿಸಿದ್ದು. ಆಗ ನಾನು ಕಡ್ಡಿಯ ಹಾಗಿದ್ದೆ. ಯುಗಾದಿಯ ಎಣ್ಣೆನೀರಿನ ದಿನ ಅವ್ವ ಮನೆಯ ಗಂಡಸರ ಉಡಿದಾರದೊಳಗೆ ತೋರುಬೆರಳು ತೂರಿಸಿ ಒಂದು ಸುತ್ತು ಎಳೆದು ನೋಡುತ್ತಿದ್ದಳು. ಒಂದು ಬೆರಳು ಹೋಗಬೇಕು ಎಂಬುದು ಅವಳ ಲೆಕ್ಕ. ಅಪ್ಪ ಸಾಯುವವರೆಗೂ ಸುಮ್ಮನೆ ಕೈ ಎತ್ತಿ ನಿಂತು ತೋರಿಸುತ್ತಿದ್ದರು. ನಾನು ಮಗ ಹುಟ್ಟಿದ ಮೇಲೆ ಅವಳ ಕೈ ತಳ್ಳಿಬಿಟ್ಟೆ. ಮೀಸೆ ಬಂದ ಗಂಡಸಿನ ಸೊಂಟಕ್ಕೆ ಕೈ ಹಾಕುತ್ತೀಯಾ ಎಂದು ರೇಗಿದ್ದೆ. ಆಮೇಲೆ ಅವಳು ಮೊಮ್ಮಗನದ್ದನ್ನು ಮಾತ್ರ ನೋಡಿದಳು.

ಸ್ಕ್ಯಾನ್ ಸೆಂಟರಿನಲ್ಲಿ ಬೆಳ್ಳಿ ತೆಗೆಯಬೇಕೆಂದು ಮೊದಲೇ ಹೇಳಿದ್ದರು. ಮನೆಯಲ್ಲೇ ಹೆಂಡತಿ ಕರಿದಾರ ಕಟ್ಟಿದಳು, ಆಮೇಲೆ ಬೆಳ್ಳಿ ಬಿಚ್ಚಿದೆವು. ಮರುದಿನ ರಿಪೋರ್ಟು ಬಂತು. ಡಿಸ್ಕ್ ಒಂಚೂರು ಜಾರಿದೆ, ಈ ವಯಸ್ಸಿಗೆ ಎಲ್ಲರಿಗೂ ಜಾರಿರುತ್ತದೆ ಎಂದು ಅದೇ ಡಾಕ್ಟರು ಹೊಸ ಮಾತ್ರೆ ಬರೆದರು. ಬೆಳ್ಳಿಯನ್ನು ಶುಕ್ರವಾರ ಹಾಕಿಕೊ ಎಂದು ಅವ್ವ ಹೇಳಿದ್ದರಿಂದ ನಾಲ್ಕು ದಿನ ಕರಿದಾರದಲ್ಲೇ ಇದ್ದೆ. ರಜೆ ಬೇರೆ ಹಾಕಿದ್ದರಿಂದ ಆ ಬೆಲ್ಟನ್ನೂ ಕಟ್ಟಿರಲಿಲ್ಲ. ಆ ನಾಲ್ಕು ದಿನ ಉರಿ ಅರ್ಧಕ್ಕರ್ಧ ಇಳಿಯಿತು. ನಾನು ಮಾತ್ರೆಯನ್ನು ಹೊಗಳಿದೆ. ಡಾಕ್ಟರ ಫೋನು ನಂಬರನ್ನು ಡ್ರೈವರಿಗೂ ಕೊಟ್ಟೆ.

ಶುಕ್ರವಾರ ತಲೆಗೆ ನೀರು ಹಾಕಿಕೊಂಡು ಬಚ್ಚಲಲ್ಲಿ ಒಬ್ಬನೇ ನಿಂತು, ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡು ಬೆಳ್ಳಿಯ ಕೊಕ್ಕೆ ಸಿಕ್ಕಿಸಿದೆ. ಅವ್ವ ಹೊರಗಿನಿಂದ ಕೇಳಿದಳು.

"ಬೆರ್ಳು ಓಯ್ತದಾ ಲಾ?"

"ಓಯ್ತದೆ, ಓಗವ್ವ ನೀನು."

ಬೆರಳಲ್ಲ, ಬೆಂಕಿಕಡ್ಡಿಯೂ ತೂರುತ್ತಿರಲಿಲ್ಲ. ಮುದುಕಿಯ ಬಾಯಿ ಮುಚ್ಚಿಸಲು ಹಾಗೆ ಹೇಳಿದೆ, ಅಷ್ಟೆ. ಬೆಳ್ಳಿಯ ಮೇಲೆ ಡಾಕ್ಟರ ಬೆಲ್ಟು, ಅದರ ಮೇಲೆ ಪ್ಯಾಂಟಿನ ಬೆಲ್ಟು. ಸೋಮವಾರ ತೊಪ್ಪೂರು ತಲುಪುವ ಹೊತ್ತಿಗೆ ತೊಡೆ ಮತ್ತೆ ಹೊತ್ತಿಕೊಂಡಿತು. ಮಾತ್ರೆಯ ಪವರ್ ಸಾಲದು ಎಂದುಕೊಂಡೆ. ಪವರ್ ಹೆಚ್ಚಿಸಿದರು. ತಲೆ ತೂಗಿ ತೂಗಿ ನಿಂತಲ್ಲೇ ನಿದ್ದೆ, ಚಿಲ್ಲರೆ ತಪ್ಪು, ಇಳಿಯುವವರ ಕೈಲಿ ಬೈಗುಳ. ಪೊಂಗಲ್ ಬಂತು, ಬ್ಯಾಗು ಹೋಯಿತು. ನನ್ನ ಜಾಗಕ್ಕೆ ಬಂದವನು ಮೊದಲ ದಿನವೇ ನನ್ನ ಸೀಟಿಯನ್ನು ತೊಳೆಯದೆ ಬಾಯಿಗಿಟ್ಟುಕೊಂಡ. ಅದನ್ನು ನೋಡಿದಾಗ ಆದ ಹೊಟ್ಟೆಯುರಿಯ ಮುಂದೆ ತೊಡೆಯ ಉರಿ ಯಾವ ಲೆಕ್ಕ.

ಒಂದೂವರೆ ವರ್ಷದ ಮೇಲೆ ಹೆಂಡತಿ ಹಟ ಹಿಡಿದು ಸೇಲಂನ ದೊಡ್ಡ ಆಸ್ಪತ್ರೆಯ ನರದ ವಿಭಾಗಕ್ಕೆ ಕರೆದುಕೊಂಡು ಹೋದಳು. ಅಲ್ಲಿದ್ದದ್ದು ಒಬ್ಬ ಚಿಕ್ಕ ವಯಸ್ಸಿನ ಹೆಣ್ಣು ಡಾಕ್ಟರು. ನನ್ನ ಹಳೆಯ ರಿಪೋರ್ಟುಗಳ ಕಟ್ಟನ್ನು ಪಕ್ಕಕ್ಕಿಟ್ಟು ಪ್ಯಾಂಟು ಸಡಿಲಿಸಿ ಎಂದರು. ನಾನು ನಾಚಿಕೊಂಡೆ. ಅಷ್ಟು ಜನ ಡಾಕ್ಟರಲ್ಲಿ ಯಾರೂ ಆ ಮಾತು ಹೇಳಿರಲಿಲ್ಲ. ಸೊಂಟದ ಮೂಳೆಯ ಒಳಮಗ್ಗುಲಲ್ಲಿ, ಬೆಳ್ಳಿ ಕಚ್ಚಿಕೊಂಡಿದ್ದ ಗೆರೆಯ ಹತ್ತಿರ ಹೆಬ್ಬೆರಳಿಟ್ಟು ಒತ್ತಿದರು. ಅಂಗೈ ಅಗಲದ ಆ ಜಾಗ ಧಗ್ಗೆಂದಿತು. ಚರ್ಮಕ್ಕೆ ಹೋಗುವ ನರ ಇಲ್ಲೇ ಹಾದು ಹೋಗುತ್ತದೆ, ಹೊಟ್ಟೆ ಬಂದ ಮೇಲೆ ಈ ಬೆಳ್ಳಿ, ಈ ಬೆಲ್ಟುಗಳು ಸೇರಿ ಅದನ್ನು ಹಿಸುಕಿವೆ ಎಂದು ತಮಿಳಿನಲ್ಲಿ ನಿಧಾನವಾಗಿ ಹೇಳಿದರು. ಉರಿ ಹೋಗುತ್ತದೆ, ಆದರೆ ತುಂಬ ದಿನ ಆಗಿರುವುದರಿಂದ ಸ್ಪರ್ಶ ಪೂರ್ತಿ ಬರುತ್ತದೆಂದು ಹೇಳಲಾರೆ ಎಂದರು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವನು ನಾನು. ಕಂಕುಳಿಗೂ ಸೊಂಟಕ್ಕೂ ಒಂದು ಮೊಳ ದೂರ, ಅಷ್ಟೇ ವ್ಯತ್ಯಾಸ.

ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಸಿಟ್ಟು ಕುದಿಯುತ್ತಿತ್ತು. ಅದನ್ನು ಯಾರ ಮೇಲೆ ಸುರಿಯಬೇಕು? ಮನೆಗೆ ಬಂದು ಕರಿದಾರ ಕಟ್ಟಿಕೊಂಡೆ. ಬೆಳ್ಳಿಯನ್ನು ಅವ್ವನ ಮುಂದೆ ಎಸೆದು, ನೀನು ಮಾಡಿಸಿದ್ದೇ ನನ್ನ ಕಾಲು ತಿಂದಿತು, ನನ್ನ ಕೆಲಸ ತಿಂದಿತು ಎಂದೆ. ಅವಳು ಅದನ್ನು ಎತ್ತಿಕೊಂಡು ಸೆರಗಲ್ಲಿ ಒರೆಸಿದಳು. ನನ್ನ ಸೊಂಟ ನೋಡಿದಳು.

"ನಿಮ್ಮಪ್ಪಂಗೆ ಮೂರು ಕಿತ ಕೊಂಡಿ ಸೇರ್ಸಿವ್ನಿ," ಎಂದಳು. "ನಿಂಗೂ ಕೇಳ್ದೆ. ಬೆರ್ಳು ಓಯ್ತದಾ ಅಂತ. ಓಯ್ತದೆ ಅಂದೆ ನೀನು."

ದನಿಯಲ್ಲಿ ಆರೋಪವಿರಲಿಲ್ಲ. ಇದ್ದಿದ್ದರೆ ನಾನೂ ಜಗಳವಾಡಿ ಹಗುರಾಗುತ್ತಿದ್ದೆ.

ಮರುದಿನ ಅವಳೇ ಮೇಚೇರಿಯ ಅಕ್ಕಸಾಲಿಯ ಹತ್ತಿರ ಹೋಗಿ ನಾಲ್ಕು ಕೊಂಡಿ ಸೇರಿಸಿಕೊಂಡು ಬಂದಳು. ಎರಡು ತಿಂಗಳಲ್ಲಿ ಉರಿ ಆರಿತು. ಡಾಕ್ಟರಮ್ಮ ಹೇಳಿದ ಇನ್ನೊಂದು ಮಾತೂ ನಿಜವಾಯಿತು. ಓನರಿಗೆ ಹೇಳಿದೆ, ವಾಸಿಯಾಯಿತು ಎಂದು. ಒಳ್ಳೆಯದಾಯಿತು ಎಂದರು, ಬ್ಯಾಗಿನ ಸುದ್ದಿ ಎತ್ತಲಿಲ್ಲ. ಈಗ ಒಂದು ಗೊಬ್ಬರದಂಗಡಿಯಲ್ಲಿ ಕೂತು ಬಿಲ್ಲು ಬರೆಯುತ್ತೇನೆ. ಕೂರುವ ಕೆಲಸ. ಡ್ರೈವರಿಗೆ ತಿಳಿದರೆ ನಗುತ್ತಾನೆ.

ಈ ಯುಗಾದಿಗೆ ಎಣ್ಣೆ ಹಚ್ಚಿಕೊಂಡು ನಾನೇ ಹೋಗಿ ಅವ್ವನ ಮುಂದೆ ಕೈ ಎತ್ತಿ ನಿಂತೆ. ಅವಳ ಬೆರಳು ಉಡಿದಾರದೊಳಗೆ ಒಂದು ಸುತ್ತು ಸಲೀಸಾಗಿ ಬಂತು. ಆಮೇಲೆ ನನ್ನ ಎಡತೊಡೆಯ ಮೇಲೆ ಅಂಗೈಯಿಟ್ಟು ಮೆಲ್ಲಗೆ ಉಜ್ಜಿದಳು. ಉರಿಯುತ್ತಿದ್ದದ್ದು ಇಲ್ಲೇ ತಾನೆ ಎಂದಳು. ಹೂಂ ಎಂದೆ. ಅವಳ ಕೈ ಅಲ್ಲಿರುವುದು ಕಣ್ಣಿಗೆ ಕಾಣುತ್ತಿತ್ತು, ತೊಡೆಗೆ ತಿಳಿಯುತ್ತಿರಲಿಲ್ಲ.

"ಗೊತ್ತಾಯ್ತದಾ?" ಎಂದು ಕೇಳಿದಳು.

"ಗೊತ್ತಾಯ್ತದೆ" ಎಂದೆ.