ಇಲಿಕೋಣೆಯ ಹಗಲುಗತ್ತಲೆ

ನಮ್ಮ ಇಲಿಮಾವನಂಥ ಹೇಡಿ ನನ್ನ ಮೂವತ್ತೆಂಟು ವರ್ಷಗಳ ಅಧ್ಯಾಪನದಲ್ಲಿ ಇನ್ನೊಬ್ಬ ಸಿಕ್ಕಿಲ್ಲ. ಸಹೋದ್ಯೋಗಿಗಳನ್ನೂ ಸೇರಿಸಿಯೇ ಹೇಳುತ್ತಿದ್ದೇನೆ, ಆದ್ದರಿಂದ ಇದು ಸಣ್ಣ ಮಾತಲ್ಲ.

ಆತ ನನ್ನ ಪ್ರಯೋಗಾಲಯದ ಇಲಿಗಳನ್ನು ನೋಡಿಕೊಳ್ಳುತ್ತಿದ್ದ. ಪಂಜರ ತೊಳೆದು, ಮರದ ಹೊಟ್ಟು ಬದಲಿಸಿ, ನೀರಿನ ಬಾಟಲಿ ತುಂಬಿಸಿದರೆ ದಿನದ ಕೆಲಸ ಮುಗಿಯಿತು. ಯಾವುದು ಕೆಟ್ಟರೂ ತಪ್ಪು ಇನ್ನೊಬ್ಬರದು. ಬಾಟಲಿ ಸೋರಿದರೆ ಕಾರ್ಖಾನೆಯದು. ತಡವಾಗಿ ಬಂದ ದಿನ ಗೋಡೆಯ ಗಡಿಯಾರದ ಕೆಳಗೇ ನಿಂತು ಗಡಿಯಾರವನ್ನು ಬೈಯುತ್ತಿದ್ದ. ಇಲಿ ತಪ್ಪಿಸಿಕೊಂಡಾಗ, "ಚಿಲಕ ಹಾಕಿರಲಿಲ್ವೇನ್ರೀ?" ಎಂದು ಕೇಳಿದೆ.

"ಹಾಕಿದ್ದೆ ಮೇಡಂ. ಈ ಇಲಿಗೆ ಬುದ್ಧಿ ಜಾಸ್ತಿ."

ಒಮ್ಮೆ ಊಟದ ಡಬ್ಬಿ ತಂದ ಆತನ ಹೆಂಡತಿ ನನ್ನೆದುರೇ ದೂರಿದರು: "ಮಕ್ಕಳು ಇವರ ಮೂಗು ಹೊತ್ತು ಹುಟ್ಟಿದ್ದೂ ನಂದೇ ತಪ್ಪಂತೆ!" ಮಾವ ಅಲ್ಲಗಳೆಯಲಿಲ್ಲ.

ಆತನ ಇಲಿಕೋಣೆಯಲ್ಲಿ ಹಗಲು ರಾತ್ರಿ ಅದಲುಬದಲಾಗಿದ್ದವು. ಬೆಳಗ್ಗೆ ಒಂಬತ್ತಕ್ಕೆ ದೀಪ ಆರಿಸಿದರೆ ಇಲಿಗಳಿಗೆ ರಾತ್ರಿ. ಅವುಗಳ ರಾತ್ರಿಯನ್ನು ನಾವು ಕಚೇರಿಯ ಹೊತ್ತಿನಲ್ಲೇ ಪರೀಕ್ಷಿಸಬೇಕಲ್ಲ! ಕತ್ತಲಾದಾಗ ಮಿದುಳು ಮೆಲಟೋನಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ. ಜನರಿಗೆ ಅದು ನಿದ್ದೆಯ ಮಾತ್ರೆಯಾಗಿ ಮಾತ್ರ ಗೊತ್ತು. ವಿಷ ಹೊಕ್ಕಾಗ ಯಕೃತ್ತಿನಲ್ಲಿ ಆಕ್ಸಿಜನ್ನಿನ ಕಿಡಿಗೇಡಿ ಕಣಗಳು ಹುಟ್ಟಿ, ಕಬ್ಬಿಣವನ್ನು ತುಕ್ಕು ತಿಂದಂತೆ ಜೀವಕೋಶಗಳನ್ನು ತಿನ್ನುತ್ತವೆ. ಮೆಲಟೋನಿನ್ ಅವುಗಳ ಹಲ್ಲು ಕೀಳುತ್ತದೆ. ಎಷ್ಟರಮಟ್ಟಿಗೆ ಎಂಬುದೇ ನನ್ನ ವಿದ್ಯಾರ್ಥಿನಿಯ ಸಂಶೋಧನೆ. ಎಲ್ಲ ಇಲಿಗಳಿಗೂ ಒಂದೇ ವಿಷ, ಅರ್ಧದಷ್ಟಕ್ಕೆ ಮಾತ್ರ ಮೆಲಟೋನಿನ್ ಚುಚ್ಚುಮದ್ದು. ಬೆಳಕು ಬಿದ್ದರೆ ಮೈಯೊಳಗಿನ ಮೆಲಟೋನಿನ್ ಇಳಿದುಬಿಡುತ್ತದೆ. ಆದ್ದರಿಂದ ಕತ್ತಲೆಯ ಹೊತ್ತಿನಲ್ಲಿ ಅಲ್ಲಿ ಉರಿಯುತ್ತಿದ್ದದ್ದು ಒಂದೇ ಒಂದು ಮಂದ ಕೆಂಪು ಬಲ್ಬು, ಇಲಿಯ ಕಣ್ಣು ಅಷ್ಟಾಗಿ ಗಮನಿಸದಂಥದ್ದು.

ಆ ವರ್ಷ ಹುಡುಗಿಯ ಅಂಕಿಗಳು ಹಿಂದಿನ ವರ್ಷಕ್ಕಿಂತ ಎರಡರಷ್ಟು ಚೆನ್ನಾಗಿ ಬಂದವು. ಅಷ್ಟು ವಿಧೇಯವಾದ ಅಂಕಿಗಳನ್ನು ನಾನು ನಂಬುವುದಿಲ್ಲ.

"ಈ ಅಂಕಿಗಳಿಗೆ ಏನು ತಿನ್ನಿಸಿ ಕೊಬ್ಬಿಸಿದೆಯಮ್ಮಾ?"

"ಯಂತ್ರ ತೋರಿಸಿದ್ದನ್ನೇ ಬರ್ದಿದೀನಿ ಮೇಡಂ."

"ಯಂತ್ರಕ್ಕೂ ಡಾಕ್ಟರೇಟಿನ ಆಸೆ ಹುಟ್ಟಿರಬೇಕು."

ಶುಕ್ರವಾರದೊಳಗೆ ಸರಿಯಾದ ಕಾರಣ ಕೊಡದಿದ್ದರೆ, ಅಂಕಿ ತಿದ್ದಿದ್ದಾಳೆಂದು ವಿಚಾರಣಾ ಸಮಿತಿಗೆ ಬರೆಯುತ್ತೇನೆಂದೆ. ಬರೆದರೆ ಅವಳ ನಾಲ್ಕು ವರ್ಷದ ದುಡಿಮೆ ನೀರುಪಾಲು. ಮಾವ ಹೊಟ್ಟಿನ ಚೀಲ ಹೊತ್ತು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ ಎಂದಿನಂತೆ ಜಾಗ ಖಾಲಿ ಮಾಡಿದ.

ಶುಕ್ರವಾರ ಮಧ್ಯಾಹ್ನ ಹುಡುಗಿ ಬರಿಗೈಯಲ್ಲಿ ಬಂದು ನಿಂತಳು. ನಾನು ಪತ್ರ ಬರೆಯಲು ಹಾಳೆ ತೆಗೆಯುತ್ತಿದ್ದಾಗ ಮಾವ ಒಳಗೆ ಬಂದು ಮೇಜಿನ ಮೇಲೆ ಬಲ್ಬೊಂದನ್ನಿಟ್ಟ. ಮಾಮೂಲಿ ಬಿಳಿ ಬಲ್ಬು. ಅದಕ್ಕೆ ಉಡುಗೊರೆ ಸುತ್ತುವ ಕೆಂಪು ಕಾಗದ, ಕಾಗದದ ಮೇಲೆ ಬೆಳ್ಳಿಯ ಚುಕ್ಕಿಗಳು.

"ಕೆಂಪು ಬಲ್ಬು ಸುಟ್ಟುಹೋಗಿ ಮೂರು ತಿಂಗಳಾಯ್ತು ಮೇಡಂ. ಸ್ಟೋರಿನಲ್ಲಿ ಇಲ್ಲ ಅಂದ್ರು. ಕೆಂಪು ಅಂದ್ರೆ ಯಾವುದಾದ್ರೂ ಕೆಂಪೇ ಅಲ್ವಾ ಅಂತ ನಾನೇ ಸುತ್ತಿದೆ. ಇಲಿಗಳನ್ನ ನಾನೇ ಹೊರಗೆ ತಂದುಕೊಡೋದ್ರಿಂದ ಯಾರೂ ನೋಡ್ಲಿಲ್ಲ."

ನನ್ನ ಮೇಜಿನ ದೀಪಕ್ಕೆ ಅದನ್ನು ತಿರುಗಿಸಿ ಹಾಕಿದೆ. ಮಡಿಕೆಗಳ ಸಂದಿಯಿಂದ ಬಿಳಿ ಬೆಳಕು ಧಾರಾಳವಾಗಿ ಗೋಡೆಗೆ ಬಿತ್ತು. ಮೂರು ತಿಂಗಳು ಆ ಇಲಿಗಳಿಗೆ ಸರಿಯಾದ ಕತ್ತಲೆಯೇ ಆಗಿರಲಿಲ್ಲ. ಚುಚ್ಚುಮದ್ದು ಸಿಕ್ಕವು ಬಚಾವಾದವು. ಸಿಗದವುಗಳಿಗೆ ಮೈಯ ಸ್ವಂತ ಕಾವಲೂ ತಪ್ಪಿ ಯಕೃತ್ತು ಇನ್ನಷ್ಟು ಹಾಳಾಗಿತ್ತು. ಎರಡು ಗುಂಪುಗಳ ಅಂತರ ಹಿಗ್ಗಿ ಅಂಕಿ ಕೊಬ್ಬಿದ್ದು ಹಾಗೆ. ಹುಡುಗಿ ಕಂಡದ್ದನ್ನೇ ಬರೆದಿದ್ದಳು.

ಅವಳು ಕಣ್ಣೊರೆಸಿಕೊಂಡು, "ಸ್ಟೋರಿನವರು ಕೊಡದಿದ್ರೆ ನೀವೇನ್ ಮಾಡ್ತೀರಿ ಮಾವ? ತಪ್ಪು ಅವರದ್ದೇ," ಎಂದಳು.

ಇಂಥ ಸಂದಿ ಸಿಕ್ಕಾಗ ಮಾವ ನುಸುಳದೆ ಬಿಟ್ಟದ್ದಿಲ್ಲ. ನಾನು ಅದನ್ನು ಇನ್ನಷ್ಟು ಅಗಲ ಮಾಡಿದೆ. "ನಿವೃತ್ತಿಗೆ ಎರಡೇ ತಿಂಗಳಿದೆ ನಿಮಗೆ. ಬಾಯಲ್ಲಿ ಹೇಳಿದಿರಲ್ಲ, ಸಾಕು. ಬರಹಕ್ಕೆ ಬಂದ್ರೆ ವಿಚಾರಣೆ ನಿಮ್ಮ ಮೇಲಾಗುತ್ತೆ. ಪ್ರಯೋಗ ಮತ್ತೆ ಮಾಡಿಸ್ತೀನಿ, ಹೋಗಿ."

"ಬಾಯಲ್ಲಿ ಹೇಳಿದ್ದು ನೀವು ಮರೀಬಹುದು ಮೇಡಂ."

ಅಷ್ಟು ವರ್ಷಗಳಲ್ಲಿ ಆತ ನನ್ನ ಮೇಲೆ ಹೊರಿಸಿದ ಮೊದಲ ತಪ್ಪು ಅದು, ಅದೂ ನಾನಿನ್ನೂ ಮಾಡಿರದ ತಪ್ಪು. ನಾನು ತೆಗೆದಿಟ್ಟಿದ್ದ ಹಾಳೆಯನ್ನೇ ಎಳೆದುಕೊಂಡು ನಿಂತಲ್ಲೇ ಬರೆದ: ತಾರೀಖು, ಬಲ್ಬು, ಕಾಗದ, ಸುತ್ತಿದವನ ಹೆಸರು. ಈ ವಿಷಯ ಹುಡುಗಿಗೆ ಗೊತ್ತಿರಲಿಲ್ಲ ಎಂಬುದು ಕೊನೆಯ ಸಾಲು. ಸಹಿ ಹಾಕಿದ. ನಾನು ಕೈ ಚಾಚಿದೆ. ಆತ ಹಾಳೆಯನ್ನು ನಾಲ್ಕಾಗಿ ಮಡಿಸಿ ಅವಳ ಕೈಗೆ ಕೊಟ್ಟ.